ಹೈಬ್ರಿಡ್ ಕಾರಿನ ಮೈಲೇಜು: ಶ್ರೇಯಸ್ಸು ಯಾರಿಗೆ?

ಬೆಂಗಳೂರಿನ ಸಮೀಪ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯು 2022ರ ನವೆಂಬರಿನಲ್ಲಿ ಇನ್ನೋವಾ ಹೈಕ್ರಾಸ್ ಎಂಬ ಕಾರನ್ನು ಪರಿಚಯಿಸಿತು. ಇದರಲ್ಲಿ ಎರಡು ಬಗೆಗಳಿವೆ. ಎರಡರಲ್ಲಿಯೂ ಇರುವುದು 1987 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಮೊದಲನೆಯದು ಬರೀ ಪೆಟ್ರೋಲ್ ಕಾರು. ಅದರ ಪ್ರಮಾಣೀಕೃತ ಮೈಲೇಜು ಲೀಟರಿಗೆ 16.13 ಕಿ.ಮೀ. ಎರಡನೆಯದು ವಿದ್ಯುತ್ ಮೋಟಾರು, ಬ್ಯಾಟರಿಗಳನ್ನೂ ಹೊತ್ತ ಹೈಬ್ರಿಡ್; ಅದರ ಮೈಲೇಜು ಲೀಟರಿಗೆ 23.24 ಕಿ.ಮೀ. ಎರಡನೆಯದಕ್ಕೆ ತೂಕ ಹೆಚ್ಚು. ಹೊರಗಿನಿಂದ ವಿದ್ಯುತ್ ತುಂಬುವ ಪ್ಲಗ್ಗು ಇಲ್ಲ. ಎರಡೂ ಕುಡಿಯುವುದು ಒಂದೇ ಬಂಕಿನ ಪೆಟ್ರೋಲ್. ಆದರೂ ಹೈಬ್ರಿಡ್ ಕಾರು ಶೇ. 44ರಷ್ಟು ಹೆಚ್ಚು ದೂರ ಓಡುತ್ತದೆ.

ಹೇಗೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ‘ಬ್ಯಾಟರಿಯಿಂದ’ ಎಂಬುದು ಜಾಹೀರಾತಿನ ಉತ್ತರ. ‘ಅದರ ಎಂಜಿನ್ನಿನ ದಕ್ಷತೆ ಹೆಚ್ಚು, ಅದು ಆಟ್ಕಿನ್ಸನ್ ಚಕ್ರದಲ್ಲಿ ಕೆಲಸ ಮಾಡುತ್ತದೆ’ ಎಂಬುದು ಸ್ವಲ್ಪ ಓದಿಕೊಂಡವರ ಉತ್ತರ. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಇವುಗಳ ಕೊರತೆ ಎಲ್ಲಿದೆ, ನಮ್ಮ ಪಠ್ಯಪುಸ್ತಕಗಳು ಆ ಕೊರತೆಯನ್ನು ತುಂಬುತ್ತಿವೆಯೇ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಜಾಹೀರಾತಿನ ಉತ್ತರ

ಇಂತಹ ಕಾರುಗಳನ್ನು ‘ತನ್ನಷ್ಟಕ್ಕೆ ತಾನೇ ಚಾರ್ಜ್ ಆಗುವ ವಿದ್ಯುತ್ ವಾಹನ’ ಎಂದು ಮಾರುವುದುಂಟು. ಭೌತಶಾಸ್ತ್ರದ ವಿದ್ಯಾರ್ಥಿಯ ಕಿವಿ ಈ ಮಾತು ಕೇಳಿದೊಡನೆ ನೆಟ್ಟಗಾಗಬೇಕು. ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ಯಾವ ವ್ಯವಸ್ಥೆಯೂ ಪ್ರಕೃತಿಯಲ್ಲಿಲ್ಲ. ಈ ಬ್ಯಾಟರಿಗೆ ಶಕ್ತಿ ಬರುವುದು ಎರಡು ದಾರಿಗಳಿಂದ: ಎಂಜಿನ್ನು ಜನರೇಟರನ್ನು ತಿರುಗಿಸಿದಾಗ, ಮತ್ತು ಬ್ರೇಕು ಒತ್ತಿದಾಗ ಚಲನಶಕ್ತಿಯನ್ನು ಮೋಟಾರು ಮರಳಿ ಪಡೆದಾಗ. ಆ ಚಲನಶಕ್ತಿಯೂ ಮೊದಲು ಬಂದದ್ದು ಪೆಟ್ರೋಲಿನಿಂದಲೇ. ಆದ್ದರಿಂದ ಕಾರನ್ನು ಓಡಿಸುವ ಪ್ರತಿಯೊಂದು ಜೌಲ್ ಶಕ್ತಿಯೂ ಪೆಟ್ರೋಲ್ ಟ್ಯಾಂಕಿನಿಂದಲೇ ಬಂದದ್ದು. 2020ರಲ್ಲಿ ನಾರ್ವೆ ದೇಶದ ಗ್ರಾಹಕ ಪ್ರಾಧಿಕಾರವು ಇದೇ ಕಾರಣಕ್ಕೆ ಲೆಕ್ಸಸ್ ಹೈಬ್ರಿಡ್ ಕಾರುಗಳ ಇಂತಹ ಜಾಹೀರಾತನ್ನು ದಾರಿ ತಪ್ಪಿಸುವಂಥದ್ದೆಂದು ತಡೆಯಿತು.

ಬ್ಯಾಟರಿಯ ಗಾತ್ರವನ್ನು ನೋಡೋಣ. ಬಿಡದಿಯಲ್ಲಿಯೇ ತಯಾರಾಗುವ ಇನ್ನೊಂದು ಹೈಬ್ರಿಡ್ ಕಾರು ಅರ್ಬನ್ ಕ್ರೂಸರ್ ಹೈರೈಡರ್. ಅದರ ಲಿಥಿಯಂ ಅಯಾನು ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವ್ಯಾಟ್ ಗಂಟೆ, ಅಂದರೆ ಸುಮಾರು 27 ಲಕ್ಷ ಜೌಲ್. ಒಂದು ಲೀಟರ್ ಪೆಟ್ರೋಲ್ ಉರಿದಾಗ ಬಿಡುಗಡೆಯಾಗುವ ಉಷ್ಣ ಸುಮಾರು 320 ಲಕ್ಷ ಜೌಲ್. ತುಂಬಿದ ಬ್ಯಾಟರಿಯಲ್ಲಿರುವ ಶಕ್ತಿ ಸುಮಾರು 85 ಮಿಲಿಲೀಟರ್ ಪೆಟ್ರೋಲಿನ ಉಷ್ಣಕ್ಕೆ ಸಮ, ಅಂದರೆ ಒಂದು ಚಹಾ ಲೋಟದಷ್ಟು! ಅದರಲ್ಲಿಯೂ ಬಾಳಿಕೆಯ ದೃಷ್ಟಿಯಿಂದ ಒಂದು ಭಾಗವನ್ನಷ್ಟೇ ಬಳಸುತ್ತಾರೆ. ಇದನ್ನು ಇಂಧನದ ಕಣಜ ಎನ್ನಲಾಗದು. ದಿನದ ವ್ಯವಹಾರಕ್ಕೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಚಿಲ್ಲರೆ ಹಣಕ್ಕೆ ಇದನ್ನು ಹೋಲಿಸಬಹುದು.

ಕಂಪನಿಯು ಹೇಳುವ ಇನ್ನೊಂದು ಮಾತು: ಐಕ್ಯಾಟ್ ಸಂಸ್ಥೆಯ ಪರೀಕ್ಷೆಯಲ್ಲಿ ಇಂತಹ ಕಾರು ಶೇ. 60ರಷ್ಟು ಸಮಯ ಮತ್ತು ಶೇ. 40ರಷ್ಟು ದೂರ ಎಂಜಿನ್ ನಿಲ್ಲಿಸಿಯೇ ಓಡಬಲ್ಲದೆಂದು ಕಂಡುಬಂದಿದೆ. ಸಂಖ್ಯೆ ಸುಳ್ಳಲ್ಲ. ಆದರೆ ಓದುಗ ಅದನ್ನು ‘ಶೇ. 60ರಷ್ಟು ವಿದ್ಯುತ್ ಕಾರು’ ಎಂದು ಅರ್ಥ ಮಾಡಿಕೊಂಡರೆ ಅದು ತಪ್ಪು. ಸಮಯ, ದೂರ, ಶಕ್ತಿ ಇವು ಮೂರು ಬೇರೆ ಬೇರೆ ರಾಶಿಗಳು. ಸಿಗ್ನಲ್ಲಿನಲ್ಲಿ ನಿಂತ ಸಮಯ, ಇಳಿಜಾರಿನಲ್ಲಿ ಉರುಳಿದ ಸಮಯ ಎಲ್ಲವೂ ಆ ಶೇ. 60ರಲ್ಲಿ ಸೇರಿರುತ್ತದೆ. ಶಕ್ತಿಯ ಲೆಕ್ಕದಲ್ಲಿ ಹೊರಗಿನಿಂದ ಬಂದ ವಿದ್ಯುತ್ತಿನ ಪಾಲು ಸೊನ್ನೆ. ಎಂಜಿನ್ನು ಉಳಿದ ಶೇ. 40 ಸಮಯದಲ್ಲಿ ಇಡೀ ಪ್ರಯಾಣದ ಶಕ್ತಿಯನ್ನೂ ದುಡಿದು ಕೊಟ್ಟಿರುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ದುಡಿಯುವ ಆ ಎಂಜಿನ್ನು ಹೇಗೆ ದುಡಿಯುತ್ತದೆ?

ಪಠ್ಯಪುಸ್ತಕದ ಉತ್ತರ

ಜರ್ಮನಿಯ ನಿಕೋಲಾಸ್ ಓಟೋ 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿದ. ಹೀರುವುದು, ಸಂಪೀಡಿಸುವುದು, ಉರಿದು ವ್ಯಾಕೋಚಿಸುವುದು, ಹೊರದೂಡುವುದು - ಈ ನಾಲ್ಕು ಹೊಡೆತಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಒಪ್ಪಿಸಬಲ್ಲರು. ಓಟೋ ಚಕ್ರದ ಆದರ್ಶ ದಕ್ಷತೆಯು ಸಂಪೀಡನ ಅನುಪಾತವೊಂದನ್ನೇ ಅವಲಂಬಿಸಿದೆ ಎಂದೂ ಬಿ.ಎಸ್ಸಿ. ವಿದ್ಯಾರ್ಥಿಗಳು ಸೂತ್ರ ಬರೆಯುತ್ತಾರೆ. ಅನಿಲವನ್ನು ಹತ್ತರಲ್ಲಿ ಒಂದು ಪಾಲಿಗೆ ಒತ್ತಿದರೆ ಆದರ್ಶ ದಕ್ಷತೆ ಶೇ. 60, ಹದಿಮೂರರಲ್ಲಿ ಒಂದು ಪಾಲಿಗೆ ಒತ್ತಿದರೆ ಶೇ. 64.

ಇಲ್ಲಿ ಎರಡು ವಿಷಯಗಳು ಮರೆಯಾಗಿವೆ. ಮೊದಲನೆಯದು, ಪೆಟ್ರೋಲ್ ಎಂಜಿನ್ನಿನಲ್ಲಿ ಸಂಪೀಡನವನ್ನು ಬೇಕಾದಷ್ಟು ಏರಿಸಲಾಗದು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಅತಿಯಾಗಿ ಒತ್ತಿದರೆ ಅದು ಬಿಸಿಯಾಗಿ, ಕಿಡಿಯ ಜ್ವಾಲೆ ತಲುಪುವ ಮೊದಲೇ ಅಲ್ಲಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ನಿನಲ್ಲಿ ‘ಟಕ ಟಕ’ ಎಂಬ ಬಡಿತ ಕೇಳಿಸುತ್ತದೆ, ಪಿಸ್ಟನ್ ಹಾಳಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಅನಿಲವನ್ನು ಒತ್ತುವಾಗ ನಾವು ಕೆಲಸ ಕೊಡುತ್ತೇವೆ. ಅದು ಹಿಗ್ಗುವಾಗ ಕೆಲಸ ಪಡೆಯುತ್ತೇವೆ. ಓಟೋ ಚಕ್ರದಲ್ಲಿ ಈ ಎರಡರ ಅನುಪಾತವೂ ಒಂದೇ. ಒಂದೇ ಆಗಿರುವುದರಿಂದ ಪುಸ್ತಕವು ಒಂದೇ ಅಕ್ಷರದಿಂದ ಎರಡನ್ನೂ ಸೂಚಿಸುತ್ತದೆ. ಹೀಗಾಗಿ ದಕ್ಷತೆಯನ್ನು ಹೆಚ್ಚಿಸುವುದು ಹೆಚ್ಚು ಒತ್ತುವುದರಿಂದಲ್ಲ, ಹೆಚ್ಚು ಹಿಗ್ಗಲು ಬಿಡುವುದರಿಂದ ಎಂಬ ಸಂಗತಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ಸೂತ್ರ ಸರಿ, ಆದರೆ ಅದು ಕಾರಣವನ್ನು ಮುಚ್ಚಿಡುತ್ತದೆ.

ಈಗ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿದೆ. 2022ರಲ್ಲಿ ಎನ್‌ಸಿಇಆರ್‌ಟಿಯು ಪಾಠದ ಹೊರೆ ಇಳಿಸುವ ಹೆಸರಿನಲ್ಲಿ 11ನೆಯ ತರಗತಿಯ ಭೌತಶಾಸ್ತ್ರ ಪುಸ್ತಕದಿಂದ ಉಷ್ಣ ಎಂಜಿನ್ನುಗಳ ಭಾಗವನ್ನೂ ಶೀತಕ ಯಂತ್ರಗಳ ಭಾಗವನ್ನೂ ತೆಗೆದುಹಾಕಿತು. ನಮ್ಮ ಪದವಿಪೂರ್ವ ಕಾಲೇಜುಗಳ ವಿಜ್ಞಾನ ಪಠ್ಯ ಇದನ್ನೇ ಅನುಸರಿಸುತ್ತದೆ. ಉಳಿದುಕೊಂಡಿರುವುದು ಕಾರ್ನೋ ಎಂಜಿನ್, 1824ರಲ್ಲಿ ಸಾಡಿ ಕಾರ್ನೋ ಕಲ್ಪಿಸಿದ, ಯಾವ ಕಾರ್ಖಾನೆಯೂ ತಯಾರಿಸದ ಆದರ್ಶ ಯಂತ್ರ. ತತ್ವದ ದೃಷ್ಟಿಯಿಂದ ಅದು ಇರಲೇಬೇಕು. ಆದರೆ ಮನೆಯ ಮುಂದೆ ನಿಂತಿರುವ ಸ್ಕೂಟರಿನ ಎಂಜಿನ್ನನ್ನು ಬಿಟ್ಟು ಎಲ್ಲಿಯೂ ಇಲ್ಲದ ಎಂಜಿನ್ನನ್ನು ಮಾತ್ರ ಕಲಿಸುವುದು ಹೊರೆ ಇಳಿಸುವ ಕ್ರಮವೇ? ಹೊರೆಯ ಜೊತೆಗೆ ಬುತ್ತಿಯ ಗಂಟನ್ನೂ ಇಳಿಸಿದಂತಾಗಿದೆ.

ಆಟ್ಕಿನ್ಸನ್ ಕಂಡದ್ದೇನು?

ಇಂಗ್ಲೆಂಡಿನ ಜೇಮ್ಸ್ ಆಟ್ಕಿನ್ಸನ್ 1880ರ ದಶಕದಲ್ಲಿಯೇ ಒತ್ತುವ ಮತ್ತು ಹಿಗ್ಗುವ ಹೊಡೆತಗಳು ಸಮನಾಗಿರಬೇಕಿಲ್ಲ ಎಂಬುದನ್ನು ಗುರುತಿಸಿದ್ದ. ಅವನು 1887ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಎಂಜಿನ್ನಿನಲ್ಲಿ ಸನ್ನೆಕೋಲುಗಳ ವಿಶೇಷ ಜೋಡಣೆಯಿತ್ತು. ಅದರಿಂದ ವ್ಯಾಕೋಚನ ಹೊಡೆತವು ಸಂಪೀಡನ ಹೊಡೆತಕ್ಕಿಂತ ಉದ್ದವಾಗುತ್ತಿತ್ತು. ನಾಲ್ಕೂ ಹೊಡೆತಗಳು ಅಚ್ಚಿನ ಒಂದೇ ಸುತ್ತಿನಲ್ಲಿ ಮುಗಿಯುತ್ತಿದ್ದವು. ಜೋಡಣೆ ಜಟಿಲವಾಗಿದ್ದರಿಂದ ಅದು ಹೆಚ್ಚು ಕಾಲ ಬಾಳಲಿಲ್ಲ.

ಇಂದಿನ ಹೈಬ್ರಿಡ್ ಕಾರಿನಲ್ಲಿ ಆ ಸನ್ನೆಕೋಲುಗಳಿಲ್ಲ. ಪಿಸ್ಟನ್ನು ಮಾಮೂಲಿನಂತೆಯೇ ಮೇಲೆ ಕೆಳಗೆ ಆಡುತ್ತದೆ. ಬದಲಾಗಿರುವುದು ಹೀರು ಕವಾಟ ಮುಚ್ಚುವ ಸಮಯ ಮಾತ್ರ. ಪಿಸ್ಟನ್ನು ಕೆಳತುದಿಯನ್ನು ತಲುಪಿ ಮತ್ತೆ ಮೇಲೇರತೊಡಗಿದರೂ ಕವಾಟ ತೆರೆದೇ ಇರುತ್ತದೆ. ಒಳಗೆ ಬಂದಿದ್ದ ಗಾಳಿಯಲ್ಲಿ ಒಂದು ಪಾಲು ಬಂದ ದಾರಿಯಲ್ಲಿಯೇ ಮರಳುತ್ತದೆ. ಆಮೇಲೆ ಕವಾಟ ಮುಚ್ಚಿ, ಉಳಿದ ಗಾಳಿಯ ನಿಜವಾದ ಸಂಪೀಡನ ಆರಂಭವಾಗುತ್ತದೆ. ಉರಿದ ಮೇಲೆ ಅನಿಲ ಹಿಗ್ಗುವುದಕ್ಕೆ ಮಾತ್ರ ಸಿಲಿಂಡರಿನ ಪೂರ್ತಿ ಉದ್ದ ಲಭ್ಯ. ಒತ್ತುವುದು ಕಡಿಮೆ, ಹಿಗ್ಗುವುದು ಹೆಚ್ಚು.

ಒಂದು ಲೆಕ್ಕ ಮಾಡೋಣ. ಗಾಳಿಯ ಎರಡು ವಿಶಿಷ್ಟೋಷ್ಣಗಳ ನಿಷ್ಪತ್ತಿ 1.4, ಆರಂಭದ ತಾಪ 300 ಕೆಲ್ವಿನ್ ಎಂದಿರಲಿ. ಹತ್ತು ಪಟ್ಟು ಸಂಪೀಡನದ ನಂತರ ತಾಪ 754 ಕೆಲ್ವಿನ್ ಆಗುತ್ತದೆ. ಇಂಧನ ಉರಿದು ಅದು 2500 ಕೆಲ್ವಿನ್‌ಗೆ ಏರಿತು ಎಂದುಕೊಳ್ಳಿ. ಅನಿಲವು ಹತ್ತು ಪಟ್ಟು ಮಾತ್ರ ಹಿಗ್ಗಿದರೆ ಕೊನೆಯ ತಾಪ 995 ಕೆಲ್ವಿನ್, ಒತ್ತಡ ವಾಯುಮಂಡಲದ ಒತ್ತಡದ 3.3 ಪಟ್ಟು. ಹದಿಮೂರು ಪಟ್ಟು ಹಿಗ್ಗಲು ಬಿಟ್ಟರೆ ತಾಪ 896 ಕೆಲ್ವಿನ್, ಒತ್ತಡ 2.3 ಪಟ್ಟು. ಹೊರಹೋಗುವ ಹೊಗೆ ಸುಮಾರು 100 ಕೆಲ್ವಿನ್‌ನಷ್ಟು ತಣ್ಣಗಾಗಿದೆ. ಆ ಉಷ್ಣವೇ ಕೆಲಸವಾಗಿ ಪರಿವರ್ತನೆಗೊಂಡಿದೆ. ಅನಿಲವು ಸ್ಥಿರ ಒತ್ತಡದಲ್ಲಿ ಮೂಲ ಗಾತ್ರಕ್ಕೆ ಮರಳುವಾಗ ಬಿಟ್ಟುಕೊಡುವ ಉಷ್ಣವನ್ನೂ ಲೆಕ್ಕಕ್ಕೆ ಸೇರಿಸಿದರೆ, ಆದರ್ಶ ದಕ್ಷತೆ ಶೇ. 60.2ರಿಂದ ಶೇ. 63.8ಕ್ಕೆ ಏರುತ್ತದೆ. ಬಡಿತದ ಭಯವಿಲ್ಲ, ಏಕೆಂದರೆ ಮಿಶ್ರಣವನ್ನು ಒತ್ತಿದ್ದು ಹತ್ತು ಪಟ್ಟು ಮಾತ್ರ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸಿಲಿಂಡರಿನಲ್ಲಿ ಹದಿಮೂರು ಪಾಲು ಜಾಗವಿದ್ದರೂ ಗಾಳಿ ಹತ್ತು ಪಾಲು ಮಾತ್ರ. ಅಂದರೆ ಶೇ. 23ರಷ್ಟು ಗಾಳಿ ಕಡಿಮೆ; ಅದಕ್ಕೆ ತಕ್ಕಂತೆ ಇಂಧನವೂ ಕಡಿಮೆ. ದಕ್ಷತೆಯ ಗಳಿಕೆಯನ್ನು ಲೆಕ್ಕಕ್ಕೆ ಹಿಡಿದರೂ ಅದೇ ಗಾತ್ರದ ಎಂಜಿನ್ನು ಪ್ರತಿ ಚಕ್ರದಲ್ಲಿ ಕೊಡುವ ಕೆಲಸ ಸುಮಾರು ಶೇ. 18ರಷ್ಟು ಇಳಿಯುತ್ತದೆ. ಇದು ಕಾಗದದ ಮೇಲಿನ ಮಾತಲ್ಲ. ಹೈಕ್ರಾಸಿನ ಬರೀ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 174 ಅಶ್ವಶಕ್ತಿ; ಅಷ್ಟೇ ಗಾತ್ರದ ಹೈಬ್ರಿಡ್ ಎಂಜಿನ್ನಿನದು 152. ಜಾಹೀರಾತಿನಲ್ಲಿ ಕಾಣುವ 186 ಎಂಬ ಸಂಖ್ಯೆ ಎಂಜಿನ್ನು ಮತ್ತು ಮೋಟಾರು ಎರಡೂ ಸೇರಿ ಕೊಡುವ ಸಾಮರ್ಥ್ಯ. ಹೈಬ್ರಿಡ್ ಕಾರಿನ ಎಂಜಿನ್ನನ್ನು ಬೇಕೆಂದೇ ದುರ್ಬಲಗೊಳಿಸಲಾಗಿದೆ. ಏರು ಹತ್ತುವಾಗ, ಇನ್ನೊಂದು ವಾಹನವನ್ನು ಹಿಂದಿಕ್ಕುವಾಗ ಕಾಣಬಹುದಾದ ಆ ದೌರ್ಬಲ್ಯವನ್ನು ಮೋಟಾರು ತುಂಬಿಕೊಡುತ್ತದೆ. ಆಟ್ಕಿನ್ಸನ್ನನ ವಿಚಾರ ನೂರಕ್ಕೂ ಹೆಚ್ಚು ವರ್ಷ ಕಾದು, 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರು ಬಂದಾಗ ರಸ್ತೆಗೆ ಇಳಿದದ್ದು ಇದೇ ಕಾರಣಕ್ಕೆ. ಆ ಹೊತ್ತಿಗೆ ಅದಕ್ಕೆ ಊರೆಗೋಲಾಗಬಲ್ಲ ವಿದ್ಯುತ್ ಮೋಟಾರು ಸಿದ್ಧವಾಗಿತ್ತು.

ಹೆಸರಿನ ಬಗ್ಗೆಯೂ ಒಂದು ಆಕ್ಷೇಪವಿದೆ. ಕವಾಟದ ಸಮಯವನ್ನು ಬದಲಿಸಿ ಸಂಪೀಡನವನ್ನು ಕಡಿಮೆ ಮಾಡುವ ಉಪಾಯಕ್ಕೆ ಅಮೆರಿಕದ ರಾಲ್ಫ್ ಮಿಲ್ಲರ್ 1957ರಲ್ಲಿ ಪೇಟೆಂಟ್ ಪಡೆದ. ಅವನ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ತುಂಬುವ ಯಂತ್ರವೂ ಇತ್ತು. ಆದ್ದರಿಂದ ಹೈಬ್ರಿಡ್ ಎಂಜಿನ್ನಿನ ಉದ್ದೇಶ ಆಟ್ಕಿನ್ಸನ್ನನದು, ಉಪಾಯ ಮಿಲ್ಲರನದು. ಹೆಸರು ಯಾವುದೇ ಇರಲಿ, ವಿದ್ಯಾರ್ಥಿಗೆ ಒತ್ತಡ-ಗಾತ್ರ ನಕ್ಷೆಯ ಬಾಲ ಬಲಕ್ಕೆ ಚಾಚಿಕೊಂಡಿರುವುದು ಕಂಡರೆ ಸಾಕು.

40 ಮತ್ತು 41: ಒಗಟು

ಇಲ್ಲಿಗೆ ನಿಲ್ಲಿಸಿದರೆ ಓದಿಕೊಂಡವರ ಉತ್ತರವೇ ಸರಿ ಎಂದಾಗುತ್ತದೆ. ಆದರೆ ಇನ್ನೊಂದು ಜೊತೆ ಸಂಖ್ಯೆಗಳನ್ನು ನೋಡಿ. 2018ರಲ್ಲಿ ಟೊಯೊಟಾ ಕಂಪನಿಯು ಈ ಎರಡು ಲೀಟರ್ ಎಂಜಿನ್ ಕುಟುಂಬವನ್ನು ಪ್ರಕಟಿಸಿದಾಗ, ಸಾಮಾನ್ಯ ಕಾರಿನ ಎಂಜಿನ್ನಿಗೆ ಶೇ. 40, ಹೈಬ್ರಿಡ್ ಕಾರಿನ ಎಂಜಿನ್ನಿಗೆ ಶೇ. 41 ಉಷ್ಣ ದಕ್ಷತೆ ಇದೆಯೆಂದು ಹೇಳಿತು. ವ್ಯತ್ಯಾಸ ಒಂದೇ ಒಂದು! ಇಂದು ಸಾಮಾನ್ಯ ಎಂಜಿನ್ನಿನಲ್ಲಿಯೂ ಕವಾಟದ ಸಮಯವನ್ನು ಬೇಕಾದಂತೆ ಬದಲಿಸುವ ವ್ಯವಸ್ಥೆ ಇರುವುದರಿಂದ ಆಟ್ಕಿನ್ಸನ್ನನ ಲಾಭದ ಒಂದು ಪಾಲು ಅದಕ್ಕೂ ದಕ್ಕಿದೆ. 40ರಿಂದ 41ಕ್ಕೆ ಏರಿದರೆ ಮೈಲೇಜು ಶೇ. 2.5ರಷ್ಟು ಹೆಚ್ಚಬೇಕು. ಹೆಚ್ಚಿದ್ದು ಶೇ. 44. ಉಳಿದದ್ದು ಎಲ್ಲಿಂದ ಬಂತು?

ಉತ್ತರ ಸರಳ. ಶೇ. 40 ಎಂಬುದು ಗರಿಷ್ಠ ದಕ್ಷತೆ, ಸರಾಸರಿ ಅಲ್ಲ. ಒಬ್ಬ ಬ್ಯಾಟುಗಾರ ಒಂದು ಇನ್ನಿಂಗ್ಸಿನಲ್ಲಿ 200 ರನ್ ಹೊಡೆದಿದ್ದರೆ ಅದು ಅವನ ಗರಿಷ್ಠ ಸ್ಕೋರು. ತಂಡಕ್ಕೆ ಬೇಕಾದದ್ದು ಸರಾಸರಿ. ಎಂಜಿನ್ನಿನ ದಕ್ಷತೆಯೂ ಹೀಗೆಯೇ. ಒಂದು ನಿರ್ದಿಷ್ಟ ವೇಗದಲ್ಲಿ, ನಿರ್ದಿಷ್ಟ ಹೊರೆಯಲ್ಲಿ ಮಾತ್ರ ಅದು ಶೇ. 40 ಮುಟ್ಟುತ್ತದೆ. ದಿನನಿತ್ಯದ ಓಡಾಟದಲ್ಲಿ ಅದು ಆ ಬಿಂದುವಿನ ಹತ್ತಿರ ಇರುವುದು ಅಪರೂಪ.

ಹುಬ್ಬಳ್ಳಿಯ ಹೊಸೂರು ವೃತ್ತದಿಂದ ಧಾರವಾಡದ ಜುಬಿಲಿ ವೃತ್ತಕ್ಕೆ ಸುಮಾರು 20 ಕಿ.ಮೀ. ದೂರ. ಈ ರಸ್ತೆಯ ಸಮತಟ್ಟಾದ ಭಾಗದಲ್ಲಿ 1700 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಟಯರುಗಳ ಉರುಳು ಘರ್ಷಣೆಯ ಗುಣಾಂಕ 0.012 ಎಂದರೆ ಆ ಬಲ ಸುಮಾರು 200 ನ್ಯೂಟನ್. ಗಾಳಿಯ ತಡೆ ಸುಮಾರು 140 ನ್ಯೂಟನ್. ಒಟ್ಟು 340 ನ್ಯೂಟನ್ ಬಲವನ್ನು ಸೆಕೆಂಡಿಗೆ 16.7 ಮೀಟರ್ ವೇಗದಿಂದ ಗುಣಿಸಿದರೆ ಸಿಗುವುದು 5.7 ಕಿಲೋವ್ಯಾಟ್. ಎಂಜಿನ್ನಿನ ಸಾಮರ್ಥ್ಯವೋ 128 ಕಿಲೋವ್ಯಾಟ್! ನೂರು ಮೂಟೆ ಹೊರಬಲ್ಲ ಲಾರಿಯಲ್ಲಿ ನಾಲ್ಕೈದು ಮೂಟೆ ಸಾಗಿಸಿದಂತೆ.

ಇಷ್ಟು ಕಡಿಮೆ ಹೊರೆಗೆ ಪೆಟ್ರೋಲ್ ಎಂಜಿನ್ನನ್ನು ಹೊಂದಿಸುವುದು ಹೇಗೆ? ಗಾಳಿಯ ದಾರಿಯಲ್ಲಿರುವ ತಟ್ಟೆಯನ್ನು ಬಹುಪಾಲು ಮುಚ್ಚಿ. ಆಗ ಪಿಸ್ಟನ್ನು ಅರ್ಧ ನಿರ್ವಾತದ ವಿರುದ್ಧ ಗಾಳಿ ಎಳೆಯಬೇಕು. ಉಸಿರಾಟಕ್ಕೆ ಮೂಗು ಹಿಡಿದಂತೆ. ಎರಡು ಲೀಟರ್ ಎಂಜಿನ್ನು ಅರ್ಧ ವಾಯುಮಂಡಲದ ಒತ್ತಡ ವ್ಯತ್ಯಾಸದ ವಿರುದ್ಧ ಎಳೆದರೆ ಪ್ರತಿ ಚಕ್ರಕ್ಕೆ ವ್ಯರ್ಥವಾಗುವ ಕೆಲಸ ಸುಮಾರು 100 ಜೌಲ್. ನಿಮಿಷಕ್ಕೆ 2000 ಸುತ್ತು ಎಂದರೆ ಸೆಕೆಂಡಿಗೆ 16.7 ಚಕ್ರ, ನಷ್ಟ 1.7 ಕಿಲೋವ್ಯಾಟ್. ರಸ್ತೆಗೆ ಬೇಕಾದ 5.7ರ ಎದುರು ಇದನ್ನು ಇಟ್ಟು ನೋಡಿ. ಇದರ ಮೇಲೆ ಒಳಗಿನ ತಿಕ್ಕಾಟದ ನಷ್ಟ. ಹೀಗಾಗಿ ಕಡಿಮೆ ಹೊರೆಯಲ್ಲಿ ದಕ್ಷತೆ ಶೇ. 20ರ ಆಸುಪಾಸಿಗೆ ಕುಸಿಯುತ್ತದೆ. ಕವಾಟವನ್ನು ತಡವಾಗಿ ಮುಚ್ಚುವ ಉಪಾಯ ಇಲ್ಲಿಯೂ ನೆರವಾಗುತ್ತದೆ. ಹೆಚ್ಚಾದ ಗಾಳಿಯನ್ನು ಹಿಂದಕ್ಕೆ ಕಳಿಸಿದರಾಯಿತು, ಮೂಗು ಹಿಡಿಯುವುದು ಅಷ್ಟಾಗಿ ಬೇಕಿಲ್ಲ.

ಹೈಬ್ರಿಡ್ ವ್ಯವಸ್ಥೆಯ ನಿಜವಾದ ಕೊಡುಗೆ ಇರುವುದು ಇಲ್ಲಿ. ನಮ್ಮ ಕಡೆಯ ಹೊಲಗಳಲ್ಲಿ ಬಹುಕಾಲ ದುಡಿದ ಡೀಸೆಲ್ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಅದರ ಎಂಜಿನ್ನಿಗೆ ಒಂದೇ ವೇಗ, ಒಂದೇ ಹೊರೆ. ಆ ಬಿಂದುವಿಗೆ ತಕ್ಕಂತೆ ಅದನ್ನು ರೂಪಿಸಿದರಾಯಿತು. ಕಾರಿನ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಚಾಲಕನ ಪಾದ ಹೇಳಿದಂತೆ ಕುಣಿಯಬೇಕು. ಹೈಬ್ರಿಡ್ ಕಾರು ತನ್ನ ಎಂಜಿನ್ನನ್ನು ಸಾಧ್ಯವಾದಷ್ಟು ಪಂಪ್‌ಸೆಟ್ಟಿನಂತೆ ನಡೆಸಿಕೊಳ್ಳುತ್ತದೆ. ಹೊರೆ ತೀರ ಕಡಿಮೆ ಇದ್ದಾಗ ಎಂಜಿನ್ನನ್ನು ನಿಲ್ಲಿಸಿ ಮೋಟಾರಿನಿಂದ ಓಡುತ್ತದೆ. ಎಂಜಿನ್ನು ಓಡುವಾಗ ಅದಕ್ಕೆ ಒಳ್ಳೆಯ ಹೊರೆ ಕೊಟ್ಟು, ರಸ್ತೆಗೆ ಬೇಡವಾದ ಭಾಗವನ್ನು ಬ್ಯಾಟರಿಗೆ ಕಳಿಸುತ್ತದೆ. ಸೂರ್ಯ ಗಿಯರು, ಗ್ರಹ ಗಿಯರು, ಉಂಗುರ ಗಿಯರುಗಳ ಜೋಡಣೆಯೊಂದು ಎಂಜಿನ್ನು, ಜನರೇಟರು ಮತ್ತು ಗಾಲಿಗಳನ್ನು ಒಂದಕ್ಕೊಂದು ಬೆಸೆದಿರುವುದರಿಂದ ಗಾಲಿಯ ವೇಗ ಎಷ್ಟೇ ಇದ್ದರೂ ಎಂಜಿನ್ನು ತನಗೆ ಹಿತವಾದ ವೇಗದಲ್ಲಿ ತಿರುಗಬಹುದು.

ಬ್ಯಾಟರಿಗೆ ಹಾಕಿ ತೆಗೆಯುವಾಗ ನಷ್ಟವಾಗುವುದಿಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಆಗುತ್ತದೆ. ಜನರೇಟರು, ಬ್ಯಾಟರಿ, ಮೋಟಾರು ಈ ಮೂರರಲ್ಲಿಯೂ ಶೇ. 90 ದಕ್ಷತೆ ಇದೆ ಎಂದರೂ ಕೊನೆಗೆ ಉಳಿಯುವುದು ಶೇ. 73. ಆದರೆ ಎಂಜಿನ್ನನ್ನು ಶೇ. 38 ದಕ್ಷತೆಯಲ್ಲಿ ಓಡಿಸಿ ಅದರ ಶೇ. 73ನ್ನು ಪಡೆದರೂ ಸಿಗುವುದು ಶೇ. 28. ಕಡಿಮೆ ಹೊರೆಯಲ್ಲಿ ನೇರವಾಗಿ ಓಡಿಸಿದರೆ ಸಿಗುತ್ತಿದ್ದದ್ದು ಶೇ. 20. ಸುತ್ತು ಬಳಸಿದ ದಾರಿಯೇ ಲಾಭದ್ದು! ಇದರ ಜೊತೆಗೆ ಬ್ರೇಕಿನಲ್ಲಿ ಉಳಿಸಿದ ಶಕ್ತಿ, ನಿಂತಾಗ ಉಳಿಸಿದ ಇಂಧನ ಸೇರಿ ಆ ಶೇ. 44 ಆಗುತ್ತದೆ.

ಆದ್ದರಿಂದ ಆರಂಭದ ಪ್ರಶ್ನೆಗೆ ಉತ್ತರ ಇದು: ಶ್ರೇಯಸ್ಸು ಎಂಜಿನ್ನಿಗೆ ಮಾತ್ರವೂ ಅಲ್ಲ, ಬ್ಯಾಟರಿಗೆ ಮಾತ್ರವೂ ಅಲ್ಲ. ಉಷ್ಣಗತಿ ಚಕ್ರವು ದಕ್ಷತೆಯ ಶಿಖರವನ್ನು ಎತ್ತರಿಸುತ್ತದೆ. ಬ್ಯಾಟರಿ ಮತ್ತು ಮೋಟಾರು ಎಂಜಿನ್ನನ್ನು ಆ ಶಿಖರದ ಹತ್ತಿರ ಉಳಿಸುತ್ತವೆ.

ಮಿತಿಗಳು

ಈ ತಿಳುವಳಿಕೆ ಇದ್ದರೆ ಹೈಬ್ರಿಡ್ ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ ಎಂಬುದನ್ನು ನಾವೇ ಹೇಳಬಹುದು. ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡುವಾಗ ಸಾಮಾನ್ಯ ಎಂಜಿನ್ನಿಗೂ ಒಳ್ಳೆಯ ಹೊರೆ ಸಿಗುತ್ತದೆ. ಬ್ರೇಕು ಒತ್ತುವುದೂ ಅಪರೂಪ. ಅಲ್ಲಿ ಹೈಬ್ರಿಡ್ಡಿನ ಲಾಭ ಕುಗ್ಗುತ್ತದೆ. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟ ಇಳಿಯುವಾಗ 1400 ಕಿಲೋಗ್ರಾಂ ತೂಕದ ಕಾರು 400 ಮೀಟರ್ ಇಳಿದರೂ ಕಳೆದುಕೊಳ್ಳುವ ವಿಭವ ಶಕ್ತಿ ಸುಮಾರು 55 ಲಕ್ಷ ಜೌಲ್. ಬ್ಯಾಟರಿಯ ಪೂರ್ಣ ಸಾಮರ್ಥ್ಯವೇ 27 ಲಕ್ಷ; ಅದೂ ಬರಿದಾಗಿ ಹೊರಟಿರುವುದಿಲ್ಲ. ಘಟ್ಟದ ಬುಡ ಮುಟ್ಟುವ ಮೊದಲೇ ಅದು ತುಂಬಿ, ಉಳಿದ ಶಕ್ತಿ ಮತ್ತೆ ಉಷ್ಣವಾಗಿ ಪೋಲಾಗಬಹುದು.

ಇದಕ್ಕೆ ವಿರುದ್ಧ ಉದಾಹರಣೆ ನಮ್ಮ ಅವಳಿ ನಗರದಲ್ಲಿಯೇ ಇದೆ. 2018ರಲ್ಲಿ ಬಿಆರ್‌ಟಿಎಸ್ ಮಾರ್ಗದಲ್ಲಿ ಓಡಾಟ ಆರಂಭಿಸಿದ ‘ಚಿಗರಿ’ ಬಸ್ಸುಗಳು ಡೀಸೆಲ್ಲಿನವು. 16 ಟನ್ ತೂಕದ ಬಸ್ಸು ಗಂಟೆಗೆ 50 ಕಿ.ಮೀ. ವೇಗದಿಂದ ನಿಲ್ದಾಣಕ್ಕೆ ಬಂದು ನಿಂತರೆ 15 ಲಕ್ಷ ಜೌಲ್ ಚಲನಶಕ್ತಿ ಉಷ್ಣವಾಗುತ್ತದೆ. ಶೇ. 40 ದಕ್ಷತೆಯ ಎಂಜಿನ್ನು ಅದನ್ನು ಮತ್ತೆ ಗಳಿಸಿಕೊಡಲು ಸುಮಾರು 100 ಮಿಲಿಲೀಟರ್ ಡೀಸೆಲ್ ಬೇಕು. ಪ್ರತಿ ನಿಲ್ದಾಣಕ್ಕೆ ಒಂದು ಲೋಟ! ಬ್ರೇಕಿನ ಶಕ್ತಿಯನ್ನು ಮರಳಿ ಪಡೆಯುವ ವ್ಯವಸ್ಥೆ ಹೈಬ್ರಿಡ್ ಇರಲಿ, ಪೂರ್ಣ ವಿದ್ಯುತ್ ಇರಲಿ, ಒಬ್ಬಿಬ್ಬರು ಕುಳಿತ ಕಾರಿಗಿಂತ ಇಂತಹ ಬಸ್ಸಿಗೇ ಹೆಚ್ಚು ಅಗತ್ಯ. ಇದು ಜಾಹೀರಾತುಗಳಲ್ಲಿ ಬರುವ ವಿಷಯವಲ್ಲ.

ಇನ್ನು ‘ಹೈಬ್ರಿಡ್’ ಎಂಬ ಪದದ ಬಳಕೆ. ನಿಂತಾಗ ಎಂಜಿನ್ ಆರಿಸಿ, ಹೊರಡುವಾಗ ತುಸು ತಳ್ಳುವ ಸಣ್ಣ ಮೋಟಾರು ಇದ್ದರೂ ಅದನ್ನು ಹೈಬ್ರಿಡ್ ಎಂದೇ ಕರೆಯಲಾಗುತ್ತದೆ. ಅಂತಹ ಕಾರಿನಲ್ಲಿ ಎಂಜಿನ್ನು ಚಾಲಕನ ಪಾದದ ಹಿಡಿತದಿಂದ ಬಿಡುಗಡೆಗೊಂಡಿರುವುದಿಲ್ಲ. ಕೇಂದ್ರ ಸರ್ಕಾರ ಫೇಮ್ ಯೋಜನೆಯಲ್ಲಿ ಇವುಗಳಿಗೂ 2015ರಿಂದ ಸಹಾಯಧನ ಕೊಟ್ಟು, 2017ರಲ್ಲಿ ಹಿಂತೆಗೆದುಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಂತೆ ವಿದ್ಯುತ್ ಕಾರಿಗೆ ಶೇ. 5, ಹೈಕ್ರಾಸ್ ಗಾತ್ರದ ಹೈಬ್ರಿಡ್ಡಿಗೆ ಶೇ. 40 ತೆರಿಗೆ. ಈ ಅಂತರ ಸರಿಯೇ ತಪ್ಪೇ ಎಂಬ ಚರ್ಚೆಯಲ್ಲಿ ಭಾಗವಹಿಸಬೇಕಾದ ನಾಗರಿಕನಿಗೆ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿ ಪೋಲಾಗುತ್ತದೆ ಎಂಬುದಾದರೂ ಗೊತ್ತಿರಬೇಡವೇ?

ಇಂಧನದ ಬದಲಾವಣೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಸೀಮೆಗೂ ಇದರಲ್ಲಿ ಪಾಲಿದೆ. ಲೀಟರ್ ಎಥನಾಲಿನ ಉಷ್ಣ ಸುಮಾರು 210 ಲಕ್ಷ ಜೌಲ್ ಮಾತ್ರವಾದ್ದರಿಂದ ಮಿಶ್ರಣದ ಉಷ್ಣ ಶೇ. 7ರಷ್ಟು ಕಡಿಮೆ. ಆದರೆ ಎಥನಾಲ್ ಬಡಿತವನ್ನು ಚೆನ್ನಾಗಿ ತಡೆಯುತ್ತದೆ. ಅಂದರೆ ಸಂಪೀಡನ ಅನುಪಾತವನ್ನು ಹೆಚ್ಚಿಸಿ ಹೊಸದಾಗಿ ರೂಪಿಸಿದ ಎಂಜಿನ್ನು ನಷ್ಟದ ಒಂದು ಭಾಗವನ್ನು ತುಂಬಿಕೊಳ್ಳಬಲ್ಲದು. ಹಳೆಯ ಎಂಜಿನ್ನು ತುಂಬಿಕೊಳ್ಳಲಾರದು. ಇಲ್ಲಿಯೂ ಪ್ರಶ್ನೆ ಮತ್ತೆ ಒತ್ತುವುದು, ಹಿಗ್ಗುವುದು ಇವುಗಳಿಗೇ ಬಂದು ನಿಲ್ಲುತ್ತದೆ.

ಅಧ್ಯಾಪಕರು ಮಾಡಬಹುದಾದದ್ದು

ಪಠ್ಯ ಬದಲಾಗುವವರೆಗೆ ಕಾಯಬೇಕಿಲ್ಲ. ಸ್ಥಿರೋಷ್ಣ ಪ್ರಕ್ರಿಯೆ ಈಗಲೂ ಪಠ್ಯದಲ್ಲಿದೆ. ಅದನ್ನು ಕಲಿಸುವಾಗ ಮೇಲಿನ ಲೆಕ್ಕವನ್ನು ಕೊಡಿ: ಸಂಪೀಡನ ಹತ್ತು ಪಟ್ಟಿಗೇ ಇರಲಿ, ವ್ಯಾಕೋಚನವನ್ನು 10, 11, 12, 13 ಎಂದು ಏರಿಸುತ್ತ ಕೊನೆಯ ತಾಪವನ್ನೂ ಒತ್ತಡವನ್ನೂ ಕಂಡುಹಿಡಿಯಲಿ. ಒಂದು ಕ್ಯಾಲ್ಕುಲೇಟರು, ಒಂದು ನಕ್ಷೆ ಹಾಳೆ ಸಾಕು. ಎಷ್ಟು ಪಟ್ಟು ಹಿಗ್ಗಿದರೆ ಕೊನೆಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುತ್ತದೆ, ಅಷ್ಟು ಉದ್ದದ ಸಿಲಿಂಡರನ್ನು ಯಾರೂ ಏಕೆ ಮಾಡುವುದಿಲ್ಲ ಎಂದು ಕೇಳಿ. ಘರ್ಷಣೆ, ಗಾತ್ರ, ಬೆಲೆ ಎಲ್ಲವೂ ಚರ್ಚೆಗೆ ಬರುತ್ತವೆ.

ಅದರ ಜೊತೆಗೆ ಒಂದು ಅಭ್ಯಾಸವನ್ನು ಬೆಳೆಸಿ. ದಕ್ಷತೆಯ ಯಾವುದೇ ಸಂಖ್ಯೆ ಎದುರಾದಾಗ ವಿದ್ಯಾರ್ಥಿ ಮೂರು ಪ್ರಶ್ನೆ ಕೇಳಲಿ: ಇದು ಗರಿಷ್ಠವೋ ಸರಾಸರಿಯೋ? ಯಾವ ಹೊರೆಯಲ್ಲಿ ಅಳೆದದ್ದು? ಶೇಕಡಾ ಎಂದರೆ ಸಮಯದ್ದೋ, ದೂರದ್ದೋ, ಶಕ್ತಿಯದ್ದೋ? ಕಾರಿಗೆ ಮಾತ್ರವಲ್ಲ, ಪಂಪಿಗೆ, ಸೌರ ಫಲಕಕ್ಕೆ, ಫ್ರಿಜ್ಜಿಗೆ ಕೂಡ ಈ ಮೂರು ಪ್ರಶ್ನೆಗಳು ಸಲ್ಲುತ್ತವೆ.